ಬೆನ್ನು ತಿರುಗಿಸಿ ಕೂತ ಮೊಮ್ಮಗಳು

ಮೊಮ್ಮಗಳು ಹುಟ್ಟುವುದಕ್ಕೆ ಇನ್ನೂ ಮೂರು ವಾರ ಇರುವಾಗಲೇ ಅವಳ ಕುರ್ಚಿ ನಮ್ಮ ಮನೆಗೆ ಬಂತು. ಬೆಂಗಳೂರಿನಿಂದ ಅಳಿಯ ಕಳಿಸಿದ್ದ ಆ ಪೆಟ್ಟಿಗೆಯ ಗಾತ್ರ ನೋಡಿ ಶಿವಮೊಗ್ಗದ ನಮ್ಮ ಬೀದಿಯವರೆಲ್ಲ ಹೊಸ ವಾಷಿಂಗ್ ಮಷೀನ್ ಬಂತೆಂದು ತಿಳಿದರು. ಬಿಚ್ಚಿದರೆ ಒಳಗೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಭಾರೀ ಬುಟ್ಟಿ, ಅದಕ್ಕೆ ಐದು ಕಡೆಯಿಂದ ಪಟ್ಟಿ, ಮಧ್ಯೆ ಕೆಂಪು ಗುಂಡಿ. ನನ್ನಾಕೆ ಅದಕ್ಕೊಂದು ಪ್ರದಕ್ಷಿಣೆ ಹಾಕಿ, "ಇದೇನ್ರೀ, ಹಲ್ಲು ಕೀಳೋ ಡಾಕ್ಟರ ಕುರ್ಚಿ ಇದ್ದಂಗಿದೆ" ಅಂದಳು.

ಆಸ್ಪತ್ರೆಯಿಂದ ಮನೆಗೆ ಮೂರೇ ಕಿಲೋಮೀಟರು. ಅಷ್ಟು ದೂರ ಕೂಸನ್ನು ಇದರಲ್ಲೇ ತರಬೇಕು, ಕಾರಿಗೆ ಅದನ್ನು ಕೂರಿಸಿಡುವ ಹೊಣೆ ಅಪ್ಪನದು ಎಂದು ಮಗಳು ಮಂಚದ ಮೇಲಿಂದಲೇ ಅಪ್ಪಣೆ ಮಾಡಿದಳು. "ಮೂರು ಕಿಲೋಮೀಟರಿಗೆ ನನ್ನ ಮಡಿಲು ಸಾಲದೇನೇ?" ಎಂದು ಇವಳು ಕೇಳಿದ್ದಕ್ಕೆ ಮಗಳು ಏನೂ ಹೇಳಲಿಲ್ಲ. ಗದ್ದದ ಕೆಳಗೆ ಬೆರಳಿಟ್ಟು ನನ್ನ ಕಡೆ ನೋಡಿದಳು, ಅಷ್ಟೆ.

ಆ ಬೆರಳಿನ ಅರ್ಥ ನನಗೊಬ್ಬನಿಗೇ ಗೊತ್ತು. ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವನು. ಜಡತ್ವದ ಪಾಠಕ್ಕೆ ಲೋಟದ ಬಾಯಿಗೆ ರಟ್ಟು, ರಟ್ಟಿನ ಮೇಲೆ ನಾಣ್ಯ ಇಟ್ಟು, ರಟ್ಟನ್ನು ಬೆರಳಿನಿಂದ ಚಿಮ್ಮುತ್ತಿದ್ದೆ. ನಾಣ್ಯ ಟಣ್ ಎಂದು ಲೋಟಕ್ಕೆ ಬೀಳುತ್ತಿತ್ತು, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಬಸ್ಸು ಬ್ರೇಕ್ ಹಾಕಿದಾಗ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವುದೇಕೆ ಎಂಬ ಎರಡಂಕದ ಪ್ರಶ್ನೆಗೆ ಎಷ್ಟು ಸಾವಿರ ಉತ್ತರ ತಿದ್ದಿದ್ದೇನೋ ಲೆಕ್ಕವಿಲ್ಲ. ಹಾಗೆ ತಿದ್ದಿ, ಕೈಯ ಸೀಮೆಸುಣ್ಣ ತೊಳೆದು, ನಾಲ್ಕು ವರ್ಷದ ಮಗಳನ್ನು ಸ್ಕೂಟರಿನ ಮುಂದೆ ಹ್ಯಾಂಡಲ್ ಹಿಡಿಸಿ ನಿಲ್ಲಿಸಿಕೊಂಡು ಮನೆಗೆ ಹೊರಡುತ್ತಿದ್ದೆ. ಒಂದು ಸಂಜೆ ಗಾಂಧಿ ಬಜಾರಿನ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ನಾನು ಬ್ರೇಕ್ ಒತ್ತಿದೆ. ಸ್ಕೂಟರು ನಿಂತಿತು, ಎಮ್ಮೆಯೂ ನಿಂತಿತು, ಮಗಳು ನಿಲ್ಲಲಿಲ್ಲ. ಗದ್ದ ಸ್ಪೀಡೋಮೀಟರಿಗೆ ಬಡಿದು ಮೂರು ಹೊಲಿಗೆ ಬಿತ್ತು. ಮನೆಯಲ್ಲಿ "ಆಟ ಆಡ್ತಾ ಬಿದ್ಲು" ಎಂದು ಅಪ್ಪ ಮಗಳು ಸೇರಿ ಸುಳ್ಳು ಹೇಳಿದ್ದೆವು. ಆ ಸುಳ್ಳು ಇವತ್ತಿಗೂ ಊರ್ಜಿತದಲ್ಲಿದೆ.

ನನ್ನಪ್ಪನದು ಇನ್ನೂ ಹಿಂದಿನ ಕಾಲ. ಅಟ್ಲಾಸ್ ಸೈಕಲ್ಲಿನ ಅಡ್ಡ ಕೊಳವೆಗೆ ಒಂದು ಟವೆಲ್ ಸುತ್ತಿದರೆ ಅದೇ ನನ್ನ ಸೀಟು. ಇಳಿಯುವ ಹೊತ್ತಿಗೆ ಕಾಲು ಜೋಮು ಹಿಡಿದು ನೆಲ ಯಾವುದೆಂದು ತಿಳಿಯುತ್ತಿರಲಿಲ್ಲ. ಮದುವೆಗೆ ಹೋಗುವ ಅಂಬಾಸಡರ್ ಕಾರಿನಲ್ಲಂತೂ ಮಕ್ಕಳೆಂದರೆ ದೊಡ್ಡವರ ನಡುವಿನ ಸಂದುಗಳಿಗೆ ತುಂಬುವ ಹತ್ತಿ. ಲೆಕ್ಕಕ್ಕೂ ಹಿಡಿಯುತ್ತಿರಲಿಲ್ಲ.

ಮೊಮ್ಮಗಳ ಕುರ್ಚಿಯ ಜೊತೆ ಒಂದು ಪುಸ್ತಕ ಬಂದಿತ್ತು. ಹದಿನಾಲ್ಕು ಭಾಷೆ, ಕನ್ನಡ ಇಲ್ಲ. ಇರಲಿ, ಬಸ್ಸಿನ ಟಾಪಿನ ಮೇಲೆ ಹಲಸಿನಹಣ್ಣು ಬಿಗಿದು ಕಟ್ಟಿದ ವಂಶದವನು ನಾನು, ನನಗ್ಯಾಕೆ ಪುಸ್ತಕ ಎಂದುಕೊಂಡು ಕಾರಿನ ಮುಂದಿನ ಸೀಟಿನಲ್ಲೇ ಬುಟ್ಟಿಯನ್ನು ಇಟ್ಟೆ. ಗಾಡಿ ಓಡಿಸುತ್ತಾ ಮಗು ಮುಖ ನೋಡಬಹುದಲ್ಲ ಎಂಬ ಆಸೆ. ಬುಟ್ಟಿಯ ಪಕ್ಕದಲ್ಲೇ ಏರ್‌ಬ್ಯಾಗಿನ ಚಿತ್ರಕ್ಕೆ ಅಡ್ಡಗೀಟು ಹಾಕಿದ ಹಳದಿ ಚೀಟಿ ಅಂಟಿಸಿತ್ತು. ಹಿಮ್ಮುಖವಾಗಿ ಕೂತ ಕೂಸಿನ ತಲೆ ಡ್ಯಾಶ್‌ಬೋರ್ಡಿಗೆ ಗೇಣು ದೂರದಲ್ಲಿರುತ್ತದೆ. ದೊಡ್ಡವರನ್ನು ಕಾಯಲೆಂದು ಇಟ್ಟ ಏರ್‌ಬ್ಯಾಗು ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ ನೇರ ಆ ಬುಟ್ಟಿಯ ಬೆನ್ನಿಗೇ ಗುದ್ದುತ್ತದೆ. ಚೀಟಿ ಓದಿ, ಎದೆ ಧಸಕ್ಕೆಂದು, ಸದ್ದಿಲ್ಲದೆ ಹಿಂದಿನ ಸೀಟಿಗೆ ಸಾಗಿಸಿದೆ.

ಅಲ್ಲಿ ಬೆಲ್ಟನ್ನು ಎಳೆದು, ಒಂದು ತೂತಿನಿಂದ ಇನ್ನೊಂದಕ್ಕೆ ಪೋಣಿಸಿ, ಟಕ್ ಎನಿಸಿ, ಸಾಲದೆಂದು ತೆಂಗಿನ ಹುರಿಹಗ್ಗದಲ್ಲೂ ಎರಡು ಸುತ್ತು ಬಿಗಿದು ಅಳಿಯನಿಗೆ ವೀಡಿಯೋ ಕಾಲ್ ಮಾಡಿದೆ. ಅವನು ಬಹಳ ಮರ್ಯಾದಸ್ಥ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಹಗ್ಗ ಚೆನ್ನಾಗಿದೆ. ಆದ್ರೆ ಬೆಲ್ಟು ಕೆಂಪು ದಾರೀಲಿ ಹೋಗಿದೆ" ಅಂದ.

ಆಗ ಕಣ್ಣಿಗೆ ಬಿತ್ತು: ಬುಟ್ಟಿಯ ಮೈಮೇಲೆ ಎರಡು ಬಣ್ಣದ ಗುರುತು. ಮಗು ಮುಂದೆ ನೋಡಿ ಕೂರುವಾಗ ಬೆಲ್ಟು ಹೋಗಬೇಕಾದ ದಾರಿ ಕೆಂಪು, ಹಿಂದೆ ನೋಡಿ ಕೂರುವಾಗಿನದು ನೀಲಿ. ದಾರಿ ತಪ್ಪಿದರೆ ಎಷ್ಟು ಬಿಗಿದರೂ ಅದು ಬಿಗಿತವಲ್ಲ, ಡಿಕ್ಕಿಯಾದರೆ ಬುಟ್ಟಿಯೇ ಮಗುವಿನ ಸಮೇತ ಮಗುಚುತ್ತದೆ. ಬಿಚ್ಚಿ ನೀಲಿಯಲ್ಲಿ ಹಾಕಲು ಹೋದರೆ ಬೆಲ್ಟು ನಾಲ್ಕು ಬೆರಳು ಸಾಲದು. ಅರ್ಧ ಗಂಟೆ ಗುದ್ದಾಡಿದ ಮೇಲೆ, ಅದು ಒಳಗೆಲ್ಲೋ ತಿರುಚಿ ಗಂಟಾಗಿತ್ತೆಂದು ತಿಳಿಯಿತು. ತಿರುಚು ಬಿಡಿಸಿ ಚಪ್ಪಟೆ ಮಾಡಿದ ಮೇಲೆ ಎಟುಕಿತು. ಬುಟ್ಟಿಯೊಳಗೆ ಮೊಣಕಾಲು ಊರಿ, ಮೈಭಾರವೆಲ್ಲ ಹಾಕಿ, ಸಡಿಲ ಬೆಲ್ಟನ್ನು ಎಳೆದೆಳೆದು ಕೊಂಡಿಯಲ್ಲಿ ಕಚ್ಚಿಸಿದೆ. ಈ ಕೊಂಡಿ ಮುಖ್ಯ. ನನ್ನ ಕಾರಿನ ಬೆಲ್ಟು ಜಗ್ಗಿದಾಗ ಮಾತ್ರ ಹಿಡಿಯುವಂಥದ್ದು, ಉಳಿದ ಹೊತ್ತು ಸಡಿಲವಾಗಿ ಆಡಿಕೊಂಡಿರುತ್ತದೆ.

ಮಾರನೇ ದಿನ ಇನ್ನೊಂದು ಎಡವಟ್ಟು. ಎಳೆಗೂಸಿನ ಬುಟ್ಟಿ ಸುಮಾರು 45 ಡಿಗ್ರಿ ಒರಗಿರಬೇಕು. ನೆಟ್ಟಗಾದರೆ ತಲೆ ಎದೆಯ ಮೇಲೆ ಜೋತುಬಿದ್ದು ಉಸಿರಿಗೆ ಅಡ್ಡಿ. ಅದಕ್ಕೆಂದೇ ಪಕ್ಕದಲ್ಲಿ ಒಂದು ಗೆರೆ ಇದೆ, ಅದು ನೆಲಕ್ಕೆ ಸಮವಾಗಿರಬೇಕು. ನಾನು ಅಳತೆಪಟ್ಟಿ ಇಟ್ಟು ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸಿದ್ದೆ. ಕಾರು ನಿಂತಿದ್ದು ಮಾತ್ರ ನಮ್ಮ ಗೇಟಿನ ಇಳಿಜಾರಿನ ಮೇಲೆ. ರಸ್ತೆಗಿಳಿಸಿದ್ದೇ ಗೆರೆ ಓರೆಯಾಯಿತು. ವಿಜ್ಞಾನದ ಮೇಷ್ಟ್ರು!

ಆ ರಾತ್ರಿ ನಿದ್ದೆ ಬರದೆ, ಈ ಕುರ್ಚಿಯನ್ನು ಮೊದಲು ಯಾರು ಮಾಡಿದರು ಎಂದು ಹುಡುಕುತ್ತಾ ಕೂತೆ. ಅಮೆರಿಕದ ಬನ್ನಿ ಬೇರ್ ಎಂಬ ಕಂಪನಿ 1933ರಲ್ಲೇ ಮಕ್ಕಳ ಕಾರು ಕುರ್ಚಿ ಮಾಡಿತ್ತು. ಮಗುವಿನ ರಕ್ಷಣೆಗಲ್ಲ. ಅದು ಕಾರಿನೊಳಗೆ ಹರಿದಾಡದೆ ಒಂದು ಕಡೆ ಕೂರಲಿ, ಎತ್ತರದಲ್ಲಿದ್ದರೆ ಕಣ್ಣಿಗೆ ಕಾಣುತ್ತಿರಲಿ ಎಂದು. ಆಮೇಲಿನ ಕೆಲವದಕ್ಕೆ ಆಟದ ಸ್ಟೇರಿಂಗೂ ಇತ್ತಂತೆ. ಅಂದರೆ ನನ್ನ ಸ್ಕೂಟರಿನ ಮುಂಭಾಗವೇ, ಸ್ವಲ್ಪ ಮೆತ್ತೆ ಜಾಸ್ತಿ. ಕಾಯುವ ಕುರ್ಚಿಗೆ 1962ರವರೆಗೆ ಕಾಯಬೇಕಾಯಿತು. ಬ್ರಿಟನ್ನಿನ ಜೀನ್ ಏಮ್ಸ್, ಅಮೆರಿಕದ ಲಿಯೊನಾರ್ಡ್ ರಿವ್ಕಿನ್ ಇಬ್ಬರೂ ಅದೇ ವರ್ಷ ಬೇರೆ ಬೇರೆಯಾಗಿ ಅಂಥದ್ದನ್ನು ರೂಪಿಸಿದರು.

ಮನಸ್ಸು ಹೆಚ್ಚು ಹೊತ್ತು ನಿಂತದ್ದು ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರೊಫೆಸರ ಬಳಿ. ಜೆಮಿನಿ ಅಂತರಿಕ್ಷ ನೌಕೆಯ ಗಗನಯಾತ್ರಿಗಳು ನೆಗೆತದ ಪೆಟ್ಟನ್ನು ಇಡೀ ಬೆನ್ನಿಗೆ ಹಂಚಿಕೊಳ್ಳುವಂತೆ ಒರಗಿ ಕೂರುವುದನ್ನು ನೋಡಿ, ಮಕ್ಕಳನ್ನೂ ಹಾಗೆ ಹಿಮ್ಮುಖವಾಗಿ ಕೂರಿಸಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. 1964ರಲ್ಲಿ ವೋಲ್ವೋ ಕಂಪನಿ ಅದರ ಮೊದಲ ಮಾದರಿಯನ್ನು ಪರೀಕ್ಷೆಗೆ ಹಚ್ಚಿತು. ಎಳೆಗೂಸಿನ ಮೈ ಉದ್ದದಲ್ಲಿ ಕಾಲುಭಾಗ ಬರೀ ತಲೆ, ಅದನ್ನು ಹೊರುವ ಕತ್ತಿನಲ್ಲೋ ಇನ್ನೂ ಮೂಳೆ ಗಟ್ಟಿಯಾಗಿಲ್ಲ. ಮುಂದೆ ನೋಡಿ ಕೂತ ಮಗುವಿನ ಮೈಯನ್ನು ಪಟ್ಟಿ ಹಿಡಿದರೂ ತಲೆಯನ್ನು ಹಿಡಿಯುವವರು ಯಾರೂ ಇಲ್ಲ. ಬೆನ್ನು ತಿರುಗಿಸಿ ಕೂರಿಸಿದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಬುಟ್ಟಿಗೆ ಒರಗುತ್ತವೆ. ಅಜ್ಜಿಯರು ಕೂಸನ್ನು ಎತ್ತಿಕೊಳ್ಳುವಾಗ ಅಂಗೈಯನ್ನು ತಲೆಯ ಹಿಂದೆ ಕೊಡುತ್ತಾರಲ್ಲ, ಅದೇ ಕೆಲಸ.

ಅಮೆರಿಕದ ಟೆನೆಸಿ ರಾಜ್ಯದ ಮಕ್ಕಳ ಡಾಕ್ಟರು ರಾಬರ್ಟ್ ಸ್ಯಾಂಡರ್ಸ್ ಅವರ ಕಥೆ ಓದುವಾಗಲಂತೂ ಪಕ್ಕದಲ್ಲಿ ಮಲಗಿದ್ದ ಇವಳನ್ನು ಎಬ್ಬಿಸಬೇಕೆನಿಸಿತು. ಅವರೂ ಅವರ ಹೆಂಡತಿಯೂ ಶಾಸಕರ ಬೆನ್ನುಬಿದ್ದು, ಚಿಕ್ಕ ಮಕ್ಕಳಿಗೆ ಕಾರು ಕುರ್ಚಿ ಕಡ್ಡಾಯ ಮಾಡುವ ಅಮೆರಿಕದ ಮೊದಲ ಕಾನೂನನ್ನು ತರಿಸಿದರು. 1978ರ ಜನವರಿ 1ಕ್ಕೆ ಅದು ಜಾರಿಗೆ ಬಂತು. ಆದರೆ ಮಸೂದೆ ಪಾಸಾಗುವಾಗ ಶಾಸಕರು ಒಂದು ವಿನಾಯಿತಿ ತೂರಿಸಿದ್ದರು: ಮಗು ದೊಡ್ಡವರ ತೋಳಿನಲ್ಲಿದ್ದರೆ ಕುರ್ಚಿ ಬೇಕಿಲ್ಲ. ಇವಳ ಮಡಿಲಿನ ವಾದ ಸಪ್ತಸಾಗರದಾಚೆ ಕಾನೂನೇ ಆಗಿಬಿಟ್ಟಿತ್ತು! ಡಾಕ್ಟರು ಆ ತಿದ್ದುಪಡಿಗೆ 'ಮಗು ಜಜ್ಜುವ ತಿದ್ದುಪಡಿ' ಎಂದೇ ಹೆಸರಿಟ್ಟು ಹೋರಾಡಿ 1981ರಲ್ಲಿ ಅದನ್ನು ತೆಗೆಸಿದರು.

ಜಜ್ಜುವುದು ಹೇಗೆಂದು ನಾನೇ ಬೆಳಿಗ್ಗೆ ಕಾಫಿ ಹೊತ್ತಿಗೆ ಕ್ಯಾಲೆಂಡರಿನ ಹಿಂದೆ ಲೆಕ್ಕ ಮಾಡಿ ತೋರಿಸಿದೆ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರು. ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸೊನ್ನೆಯಾದರೆ 3 ಕಿಲೋ ಕೂಸು ಆ ಕ್ಷಣಕ್ಕೆ 40 ಕಿಲೋ ಮೂಟೆಯಂತೆ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಹಿಡಿದುಕೊಂಡ ಅಜ್ಜಿಗೆ ಬೆಲ್ಟಿಲ್ಲದಿದ್ದರೆ ಅಜ್ಜಿಯ ಭಾರವೂ ಕೂಸಿನ ಬೆನ್ನ ಮೇಲೆ. "ಮೂರನೇ ಮಹಡಿಯಿಂದ ಬಿದ್ದಷ್ಟೇ ಪೆಟ್ಟು ಕಣೇ" ಎಂದೆ. "ಬಿಡ್ತು ಅನ್ನಿ!" ಎಂದು ಕೂಗಿ ಕ್ಯಾಲೆಂಡರು ಕಿತ್ತುಕೊಂಡಳು. ಬಿಡ್ತು ಅಂದೆ. ಆದರೆ ಅಂದಿನಿಂದ ಅವಳು ಮಡಿಲಿನ ಮಾತು ಎತ್ತಲಿಲ್ಲ.

ನಮ್ಮಲ್ಲೂ ಕಾನೂನಿದೆ. 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟಿನಲ್ಲೋ ಇಂಥ ಕುರ್ಚಿಯಲ್ಲೋ ಭದ್ರಪಡಿಸದಿದ್ದರೆ 1,000 ರೂಪಾಯಿ ದಂಡ. 2022ರ ನಿಯಮದಲ್ಲಿ ದ್ವಿಚಕ್ರ ವಾಹನದ ಮೇಲಿನ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಸವಾರನ ಮೈಗೆ ಸೇರಿಸುವ ಪಟ್ಟಿ, ಹೆಲ್ಮೆಟ್ಟು, 40 ಕಿಲೋಮೀಟರಿನ ವೇಗಮಿತಿ. ಶಾಲೆ ಬಿಡುವ ಹೊತ್ತಿಗೆ ಯಾವುದಾದರೂ ವೃತ್ತದಲ್ಲಿ ನಿಂತು ನೋಡಿ, ಆ ಪಟ್ಟಿ ಕಂಡರೆ ನನಗೊಂದು ಫೋನ್ ಮಾಡಿ. ನನ್ನಂಥ ಮೇಷ್ಟ್ರುಗಳೇ ಮೊಮ್ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಹೋಗುತ್ತಿರುತ್ತಾರೆ.

ಕೂಸು ಹುಟ್ಟಿತು, 2 ಕಿಲೋ 900 ಗ್ರಾಂ. ಮನೆಗೆ ಕರೆತರುವ ದಿನ ಅಜ್ಜಿ ಕುಲಾವಿ, ಸ್ವೆಟರು, ಅದರ ಮೇಲೆ ಶಾಲು ಸುತ್ತಿ ಹಲಸಿನ ಕಡುಬಿನಂತೆ ತಯಾರು ಮಾಡಿದ್ದಳು. ಮತ್ತೆ ತಕರಾರು: ದಪ್ಪ ಉಣ್ಣೆಯ ಮೇಲೆ ಬಿಗಿದ ಪಟ್ಟಿ, ಪೆಟ್ಟು ಬಿದ್ದಾಗ ಉಣ್ಣೆ ಅಮುಕಿಕೊಂಡು ಸಡಿಲಾಗುತ್ತದೆ. ಸ್ವೆಟರು ಬಿಚ್ಚಿ, ಭುಜದ ಮಟ್ಟಕ್ಕಿಂತ ಮೇಲೇರದಂತೆ ಪಟ್ಟಿ ಹೊಂದಿಸಿ, ಕತ್ತಿನ ಬುಡದ ಮೂಳೆಯ ಬಳಿ ಅದನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಲು ನೋಡಿದೆ. ಮಡಿಕೆ ಸಿಕ್ಕರೆ ಸಡಿಲ ಎಂದರ್ಥ. ಸಿಗಲಿಲ್ಲ. ಶಾಲನ್ನು ಪಟ್ಟಿಯ ಮೇಲೆ ಹೊದಿಸಿದೆವು. ಅಜ್ಜಿಗೂ ಸಮಾಧಾನವಾಯಿತು.

ಎದುರುಮನೆಯವರು ನಗುತ್ತಾ ನಿಂತಿದ್ದರು. ತಿಂಗಳು ಕಳೆದ ಮೇಲೆ ಅವರ ಸೊಸೆ ಬಂದು, "ಅಂಕಲ್, ನಮ್ಮದೂ ಸ್ವಲ್ಪ ನೋಡ್ತೀರಾ?" ಎಂದಳು. ಕೆಂಪು ದಾರಿ! ಆಮೇಲೆ ನಮ್ಮ ಬೀದಿಯಲ್ಲಿ ಇನ್ನೂ ಎರಡು ಸೀಟು ನೋಡಿದೆ, ಎರಡೂ ಸಡಿಲ. ಬೆಲ್ಟಿನ ಈ ರಾಮಾಯಣ ಬೇಡವೆಂದೇ ಸೀಟನ್ನು ಕಾರಿನ ಕಬ್ಬಿಣದ ಕೊಂಡಿಗೆ ನೇರ ಸಿಕ್ಕಿಸುವ ಐಸೋಫಿಕ್ಸ್ ವಿಧಾನ 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಹೊಸ ಕಾರಿದ್ದವರು ಅದನ್ನೇ ಕೊಳ್ಳುವುದು ಒಳ್ಳೆಯದು. ಅಪಘಾತ ಕಂಡ ಹಳೇ ಸೀಟನ್ನು ಮಾತ್ರ ಯಾರು ಪುಕ್ಕಟೆ ಕೊಟ್ಟರೂ ತರಬೇಡಿ.

ಮೊಮ್ಮಗಳಿಗೆ ಈಗ ಹದಿನಾರು ತಿಂಗಳು. ಇನ್ನೂ ಬೆನ್ನು ತಿರುಗಿಸಿಯೇ ಕೂರುತ್ತಾಳೆ, ನಾವು ದಾಟಿಬಂದ ರಸ್ತೆಯನ್ನು ಮಾತ್ರ ನೋಡುತ್ತಾಳೆ. ಬೆಂಗಳೂರಿಗೆ ಹೋಗುವಾಗ ಎರಡು ಗಂಟೆಗೊಮ್ಮೆ ಅವಳನ್ನು ಬಿಚ್ಚಿ ಎತ್ತಿಕೊಳ್ಳಬೇಕು, ಆಗ ಕಾಯುತ್ತಾ ಕೂತ ಅಜ್ಜಿಯ ಮಡಿಲಿಗೂ ಕೆಲಸ. ಕಡೂರಲ್ಲಿ ಒಂದು ಸಲ, ತಿಪಟೂರಲ್ಲಿ ಒಂದು ಸಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ, ಇವತ್ತು ಸಂಜೆ ಕಾರನ್ನು ಸಮತಟ್ಟಾದ ಕಡೆ ನಿಲ್ಲಿಸಿ. ಬೆಲ್ಟು ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಎಡಬಲಕ್ಕೆ, ಹಿಂದೆಮುಂದೆ ಒಮ್ಮೆ ಅಲ್ಲಾಡಿಸಿ. ಒಂದು ಅಂಗುಲಕ್ಕಿಂತ ಹೆಚ್ಚು ಆಡಿದರೆ ಬಿಚ್ಚಿ, ಮೊದಲಿನಿಂದ ಶುರುಮಾಡಿ. ಹಗ್ಗ ಬೇಡ.