ಓದು ಹೆಚ್ಚಿದರೆ ಸಂಪಾದನೆ ಹೆಚ್ಚುವುದೇ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿವೆ. ಪ್ರತಿವರ್ಷ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶಗಳು ಪ್ರಕಟವಾದ ದಿನಗಳಲ್ಲಿ, ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ ಹೆತ್ತವರು ನಮ್ಮನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಹಜರತ್, ಇನ್ನೂ ಮೂರು ವರ್ಷ ಓದಿಸಿದರೆ ಮಗನಿಗೆ ಸಿಗುವುದೇನು? ಗ್ಯಾರೇಜಿಗೆ ಸೇರಿಸಿದರೆ ಅಷ್ಟರೊಳಗೆ ಮೇಸ್ತ್ರಿಯಾಗುತ್ತಾನಲ್ಲವೇ?"

ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಣ್ಣಿನ ಗಾಡಿ ತಳ್ಳುವ ತಂದೆಗೆ, ಹುಣಸೆಹಣ್ಣು ಬಿಡಿಸಿ ದಿನಗೂಲಿ ಪಡೆಯುವ ತಾಯಿಗೆ ಮಗನ ಮೂರು ವರ್ಷವೆಂದರೆ ಮೂರು ವರ್ಷದ ಅನ್ನ. ಅವರ ಕಣ್ಣೆದುರಿಗೇ ಪದವಿ ಪಡೆದ ಯುವಕರು ಮೊಬೈಲ್ ಅಂಗಡಿಯಲ್ಲಿ ಸಂಬಳಕ್ಕೆ ನಿಂತಿದ್ದಾರೆ. ಅಂಥವರಿಗೆ ವಿದ್ಯೆಯ ಮಹಿಮೆಯನ್ನು ಕುರಿತು ಭಾಷಣ ಮಾಡಿದರೆ ಸಾಲದು, ಲೆಕ್ಕವನ್ನೂ ಕೊಡಬೇಕು.

ಲೆಕ್ಕವನ್ನೇ ನೋಡೋಣ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ನಮ್ಮ ದೇಶದ ಯುವಜನರ ಪೈಕಿ ಓದುಬರಹ ಬಾರದವರಲ್ಲಿ ನಿರುದ್ಯೋಗ ಶೇ. 3.4 ಇದ್ದರೆ, ಪದವೀಧರರಲ್ಲಿ ಅದು ಶೇ. 29.1 ಇತ್ತು. ಕರ್ನಾಟಕ ಸರಕಾರವು 2024ರ ಜನವರಿಯಲ್ಲಿ ಯುವನಿಧಿ ಯೋಜನೆಯನ್ನು ಆರಂಭಿಸಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ. ಗರಿಷ್ಠ ಎರಡು ವರ್ಷ ಕೊಡುವುದಾಗಿ ಘೋಷಿಸಿತು. ಪದವಿಯಿಂದ ತಾನಾಗಿಯೇ ಕೆಲಸ ದೊರೆಯುವುದಿಲ್ಲ ಎಂಬುದನ್ನು ಸರಕಾರವೇ ಒಪ್ಪಿಕೊಂಡಂತಾಯಿತು.

ಆದರೆ ಈ ಅಂಕಿಗಳನ್ನು ಓದುವಾಗ ಎಚ್ಚರವಿರಬೇಕು. ಓದುಬರಹ ಬಾರದವರಲ್ಲಿ ನಿರುದ್ಯೋಗ ಕಡಿಮೆಯಿರುವುದು ಅವರಿಗೆ ಒಳ್ಳೆಯ ಕೆಲಸ ಸಿಕ್ಕಿರುವುದರಿಂದಲ್ಲ. ಒಂದು ದಿನವೂ ಖಾಲಿ ಕೂರುವ ಅನುಕೂಲ ಅವರಿಗಿಲ್ಲದಿರುವುದರಿಂದ. ಕಲ್ಲು ಹೊತ್ತವನೂ ಲೆಕ್ಕದಲ್ಲಿ ಉದ್ಯೋಗಸ್ಥನೇ. ಪದವೀಧರನಾದರೋ ತನ್ನ ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಆ ಕಾಯುವಿಕೆಯೇ ನಿರುದ್ಯೋಗವೆಂದು ದಾಖಲಾಗುತ್ತದೆ. ಇನ್ನೊಂದು ಕಡೆ, ಅನೇಕ ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಅರ್ಥಶಾಸ್ತ್ರಜ್ಞರು, ಒಂದು ವರ್ಷದ ಹೆಚ್ಚುವರಿ ಓದು ವ್ಯಕ್ತಿಯ ಗಳಿಕೆಯನ್ನು ಸರಾಸರಿ ಶೇ. 9ರಷ್ಟು ಹೆಚ್ಚಿಸುತ್ತದೆಂದು ಹೇಳುತ್ತಾರೆ. ಎರಡು ಮಾತುಗಳೂ ನಿಜ. ಓದು ಇಂದಿಗೂ ಆದಾಯವನ್ನು ಹೆಚ್ಚಿಸುತ್ತದೆ. ಆದರೆ ತಡವಾಗಿ, ಮತ್ತು ಎಲ್ಲರಿಗೂ ಒಂದೇ ಸಮನಾಗಿ ಅಲ್ಲ. ಸರಾಸರಿಯೆಂಬುದು ಯಾರೊಬ್ಬರ ಕಿಸೆಗೂ ಬರುವ ಹಣವಲ್ಲ.

ಹಾಗಾದರೆ ಯಾರಿಗೆ ಬರುತ್ತದೆ? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯತ್ತ ನೋಡಿದರೆ ಸಾಕು. ಬರಕ್ಕೆ ಹೆಸರಾಗಿದ್ದ ಆ ನೆಲದಲ್ಲಿ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದಿತು. ಭೂಮಿಯನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂ.ಗಳಂತೆ ಗುತ್ತಿಗೆಗೆ ಪಡೆದರು. ಜಮೀನಿದ್ದವನಿಗೆ ಗುತ್ತಿಗೆಯ ಹಣ ಬಂತು. ವಿದ್ಯುತ್ ಕೆಲಸದ ತಾಂತ್ರಿಕ ತರಬೇತಿ ಇದ್ದವನಿಗೆ ಸಂಬಳದ ಕೆಲಸ ಬಂತು. ಜಮೀನೂ ಇಲ್ಲದ, ತರಬೇತಿಯೂ ಇಲ್ಲದ ಕೂಲಿಕಾರನಿಗೆ ಮಾತ್ರ ಹೊಲದ ಕೆಲಸ ತಪ್ಪಿಹೋಗಿ, ಹಲಗೆ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸಗಳಷ್ಟೇ ಉಳಿದವು. ಅವೂ ಎಲ್ಲರಿಗೂ ಸಾಲುವಷ್ಟಿರಲಿಲ್ಲ. ನಮ್ಮ ಸಮುದಾಯದ ಬಹುಪಾಲು ಕುಟುಂಬಗಳು ಇಲ್ಲಿ ಜಮೀನು ಇಲ್ಲದವು. ಆದುದರಿಂದ ನಮ್ಮ ಮಕ್ಕಳಿಗೆ ತಂದೆಯಿಂದ ಬರಬಹುದಾದ ಆಸ್ತಿ ವಿದ್ಯೆಯೊಂದೇ. ಅದರಲ್ಲಿಯೂ ಯಾವ ವಿದ್ಯೆ ಎಂಬುದು ಮುಖ್ಯ.

ವಿದ್ಯೆಯ ಬೆಲೆ ಕಾಲಕ್ಕೆ ತಕ್ಕಂತೆ ಬದಲಾಗುವುದಕ್ಕೆ ಶಿರಾ ಪಟ್ಟಣವೇ ಸಾಕ್ಷಿ. 1687ರಲ್ಲಿ ಅದು ಮೊಘಲರ ಪ್ರಾಂತ್ಯದ ರಾಜಧಾನಿಯಾಯಿತು. ಆಗ ಆಡಳಿತದ ಭಾಷೆ ಪಾರ್ಸಿ. ಪಾರ್ಸಿಯಲ್ಲಿ ಪತ್ರ ಬರೆಯಬಲ್ಲವನಿಗೆ ಕಚೇರಿಯಲ್ಲಿ ಗೌರವ, ವೇತನ ಎರಡೂ ಇದ್ದವು. ಆಡಳಿತ ಬದಲಾಯಿತು, ಭಾಷೆ ಬದಲಾಯಿತು. ಆ ಪಾಂಡಿತ್ಯದ ಘನತೆ ಕುಂದದಿದ್ದರೂ ಅದಕ್ಕೆ ಸಿಗುತ್ತಿದ್ದ ವೇತನ ನಿಂತಿತು. ಇಂದಿನ ಪದವಿಗಳ ಸ್ಥಿತಿಯೂ ಅದೇ. ನೂರರಲ್ಲಿ ಇಬ್ಬರು ಪದವೀಧರರಿದ್ದ ಕಾಲದಲ್ಲಿ ಬಿ.ಎ. ಎಂಬ ಎರಡಕ್ಷರಕ್ಕೇ ಗುಮಾಸ್ತಿಕೆ ಒಲಿಯುತ್ತಿತ್ತು. ಈಗ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಪದವಿಯು ಬಾಗಿಲವರೆಗೆ ಒಯ್ಯುತ್ತದೆ. ಒಳಗೆ ಹೋಗಲು ಭಾಷೆ, ಕಂಪ್ಯೂಟರ್, ಕೈಕಸುಬು ಇವುಗಳಲ್ಲಿ ಒಂದಾದರೂ ಬೇಕು.

ನಾವು ಬಲ್ಲ ಇಬ್ಬರು ಅಣ್ಣತಮ್ಮಂದಿರ ಮಾತು ಇಲ್ಲಿ ಹೇಳಬೇಕು. ಅಣ್ಣ ಹತ್ತನೆಯ ತರಗತಿಗೆ ಓದು ನಿಲ್ಲಿಸಿ ಹೆದ್ದಾರಿಯ ಬದಿಯ ಲಾರಿ ಗ್ಯಾರೇಜಿಗೆ ಸೇರಿದ. ತಮ್ಮ ಬಿ.ಕಾಂ. ಮುಗಿಸಿದ. ಐದಾರು ವರ್ಷ ಅಣ್ಣನ ಸಂಪಾದನೆಯೇ ಹೆಚ್ಚಾಗಿತ್ತು. ತಮ್ಮನ ಕಾಲೇಜು ಶುಲ್ಕವನ್ನು ಕಟ್ಟಿದವನೂ ಅವನೇ. ತಮ್ಮ ತೆರಿಗೆ ಲೆಕ್ಕ ಬರೆಯುವವರ ಬಳಿ ಅಲ್ಪ ಸಂಬಳಕ್ಕೆ ದುಡಿದು, ಜಿಎಸ್‌ಟಿ ಕೆಲಸ ಕಲಿತು, ಈಗ ಹಲವು ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತಾನೆ. ನಲವತ್ತು ದಾಟಿದ ಅಣ್ಣನಿಗೆ ಸೊಂಟನೋವು. ಮಲಗಿದ ದಿನ ಕೂಲಿಯಿಲ್ಲ. ತಮ್ಮನಿಗೆ ಜ್ವರ ಬಂದರೂ ತಿಂಗಳ ಹಣ ಬರುತ್ತದೆ. ಅಣ್ಣನ ದುಡಿಮೆ ಕಡಿಮೆಯದೆಂದು ನಾವು ಹೇಳುತ್ತಿಲ್ಲ. ಬೆವರಿನ ಹಲಾಲ್ ಅನ್ನಕ್ಕಿಂತ ಶುಭ್ರವಾದುದು ಯಾವುದಿದೆ? ಆದರೆ ಓದಿನ ಲಾಭವನ್ನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅಳೆದರೆ ಒಂದು ಉತ್ತರ, ನಲವತ್ತೈದರಲ್ಲಿ ಅಳೆದರೆ ಇನ್ನೊಂದು ಉತ್ತರ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮವಾದುದು. ಪದವಿಯ ಬಳಿಕ ಬಿ.ಎಡ್. ಮಾಡಿ ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ಹುಡುಗಿಗೆ ದೊರೆಯುವ ಸಂಬಳವನ್ನು ಕೇಳಿದರೆ, ಇಷ್ಟಕ್ಕೇ ಇಷ್ಟು ಓದಬೇಕಿತ್ತೇ ಎನಿಸಬಹುದು. ಆದರೆ ಆ ಮನೆಯಲ್ಲಿ ಆಸ್ಪತ್ರೆಯ ಚೀಟಿಯನ್ನು, ಬ್ಯಾಂಕಿನ ಪತ್ರವನ್ನು, ಪಡಿತರದ ಅರ್ಜಿಯನ್ನು ಓದಿ ಹೇಳುವವಳು ಅವಳೇ. ತಮ್ಮಂದಿರನ್ನು ಟ್ಯೂಷನ್ನಿಲ್ಲದೆ ದಾಟಿಸಿದವಳೂ ಅವಳೇ. ವಿಧವೆಯಾದ ಅಥವಾ ಗಂಡ ಬಿಟ್ಟುಹೋದ ಸಹೋದರಿಯರ ಸಂಕಟವನ್ನು ಕಂಡವರಿಗೆ, ಪೆಟ್ಟಿಗೆಯಲ್ಲಿರುವ ಆ ಅಂಕಪಟ್ಟಿಯ ಬೆಲೆ ತಿಳಿದಿದೆ. 2023ರ ಜೂನ್‌ನಿಂದ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದೆ. ಬಸ್ಸಿನ ಖರ್ಚೆಂಬ ನೆಪವೂ ಇನ್ನು ಉಳಿದಿಲ್ಲ.

ಧರ್ಮದ ದೃಷ್ಟಿಯೇನು? ಬದ್ರ್ ಯುದ್ಧದ ಬಳಿಕ ಖೈದಿಗಳ ಪೈಕಿ ಬಿಡುಗಡೆಯ ಹಣ ಕೊಡಲಾರದ, ಆದರೆ ಬರವಣಿಗೆ ಬಲ್ಲವರು ಮದೀನದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅದೇ ಬಿಡುಗಡೆಯ ಹಣವೆಂದು ಪ್ರವಾದಿವರ್ಯರು(ಸ) ಒಪ್ಪಿದರೆಂದು ಸೀರಾ ಗ್ರಂಥಗಳು ತಿಳಿಸುತ್ತವೆ. ಅಕ್ಷರಕ್ಕೆ ಹಣದ ಬೆಲೆಯನ್ನು ಕಟ್ಟುವುದು ಇಸ್ಲಾಮಿಗೆ ಹೊಸದಲ್ಲ. ಅದೇ ಸಮಯದಲ್ಲಿ ಪವಿತ್ರ ಕುರ್‌ಆನ್ ಕಾರೂನನ ವೃತ್ತಾಂತವನ್ನೂ ನಮ್ಮ ಮುಂದಿಟ್ಟಿದೆ. ತನ್ನ ಸಂಪತ್ತು ತನ್ನ ಜ್ಞಾನದಿಂದಲೇ ಬಂದುದೆಂದು ಬೀಗಿದವನು ಅವನು. ಮನೆಸಹಿತ ಭೂಮಿಯಲ್ಲಿ ಹುದುಗಿಹೋದ. ವಿದ್ಯೆ ಕಲಿತರೆ ಧನ ಬಂದೇ ಬರುತ್ತದೆಂಬ ಅಹಂಕಾರವೂ, ಧನ ಬಾರದಿದ್ದರೆ ವಿದ್ಯೆಯೇ ವ್ಯರ್ಥವೆಂಬ ನಿರಾಶೆಯೂ ಒಂದೇ ನಾಣ್ಯದ ಎರಡು ಮುಖಗಳು. ರಿಝ್ಕ್ ಕೊಡುವವನು ಅಲ್ಲಾಹನು. ಬೀಜ ಬಿತ್ತುವುದು ನಮ್ಮ ಹೊಣೆ.

ಬಿತ್ತುವ ಮೊದಲು ಮಣ್ಣನ್ನು ನೋಡಬೇಕು. ಕಾಲೇಜಿಗೆ ಸೇರಿಸುವ ಮುನ್ನ, ಅದೇ ಕೋರ್ಸನ್ನು ಮುಗಿಸಿದ ಹಿಂದಿನ ವರ್ಷಗಳ ಮಕ್ಕಳು ಈಗ ಏನು ಮಾಡುತ್ತಿದ್ದಾರೆಂದು ವಿಚಾರಿಸಿರಿ. ಓದಿನಲ್ಲಿ ಮನಸ್ಸಿಲ್ಲದ ಮಗನನ್ನು ಬಲವಂತದಿಂದ ಪದವಿಗೆ ದೂಡುವುದಕ್ಕಿಂತ ಐಟಿಐ ಅಥವಾ ಡಿಪ್ಲೊಮಾಕ್ಕೆ ಸೇರಿಸುವುದು ಲೇಸು. ಗ್ಯಾರೇಜಿನ ಕೆಲಸಕ್ಕೂ ಪ್ರಮಾಣಪತ್ರವಿದ್ದರೆ ಕಾರ್ಖಾನೆಯ ಬಾಗಿಲು ತೆರೆಯುತ್ತದೆ. ಬಡ್ಡಿಯ ಸಾಲ ತಂದು, ಇದ್ದೊಂದು ನಿವೇಶನ ಮಾರಿ, ಹೆಸರೇ ಕೇಳದ ಕಾಲೇಜಿಗೆ ಸುರಿಯಬೇಡಿರಿ. ಮೊದಲು ವಿದ್ಯಾರ್ಥಿವೇತನಕ್ಕೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಯೋಜನೆಗೂ ಅರ್ಜಿ ಹಾಕಿರಿ, ಷರತ್ತುಗಳನ್ನು ಓದಿ ಕೇಳಿ ತಿಳಿಯಿರಿ. ಎಲ್ಲಕ್ಕಿಂತ ಮಿಗಿಲಾಗಿ, ಆರಂಭಿಸಿದ ಓದನ್ನು ನಡುವೆ ಬಿಡಿಸಬೇಡಿರಿ. ಎರಡು ವರ್ಷ ಓದಿ ಬಿಟ್ಟವನಿಗೆ ಗ್ಯಾರೇಜಿನ ಅನುಭವವೂ ಇಲ್ಲ, ಪದವಿಯೂ ಇಲ್ಲ.

ಜಮಾಅತ್‌ಗಳಿಗೂ ಒಂದು ಮಾತು. 2006ರ ಸಾಚಾರ್ ವರದಿಯು ಮುಸ್ಲಿಮರಲ್ಲಿ ಪದವೀಧರರು ಶೇ. 4ಕ್ಕಿಂತ ಕಡಿಮೆಯೆಂದು ತಿಳಿಸಿತ್ತು. ಅಷ್ಟು ಹಿಂದಿರುವ ನಾವು, ಪದವಿಯಿಂದ ಪ್ರಯೋಜನವಿಲ್ಲವೆಂದು ಓದನ್ನೇ ತೊರೆದರೆ ನಷ್ಟ ಯಾರಿಗೆ? ಮಸೀದಿಯ ಮಿನಾರಕ್ಕೆ ಬಣ್ಣ ಬಳಿಯಲು ಚಂದಾ ಎತ್ತುವ ನಾವು, ಶುಲ್ಕ ಕಟ್ಟಲಾಗದೆ ಮನೆಯಲ್ಲಿ ಕುಳಿತ ಒಬ್ಬ ವಿದ್ಯಾರ್ಥಿಯನ್ನು ಹುಡುಕಿ ಝಕಾತ್‌ನಿಂದ ಓದಿಸಿದರೆ, ಮುಂದೆ ಅವನೇ ಝಕಾತ್ ಕೊಡುವವನಾದಾನು. ಉನ್ನತ ಶಿಕ್ಷಣವು ಉನ್ನತ ಆದಾಯಕ್ಕೆ ಖಾತರಿಯ ಚೀಟಿಯಲ್ಲ. ಆದರೆ ಜಮೀನಿಲ್ಲದವನಿಗೆ, ಯಾರೂ ಗುತ್ತಿಗೆಗೆ ಪಡೆಯಲಾಗದ, ಯಾರೂ ಕಿತ್ತುಕೊಳ್ಳಲಾಗದ ಜಮೀನು ಅದೊಂದೇ. ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ ಹಲಾಲ್ ಜೀವನಾಧಾರವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.