ಹುಂಜನಿಗೂ ಅಜ್ಜನಿಗೂ ಒಂದೇ ಕಾಯಿಲೆ

ಕೋಡಿಬಾಗದ ನಮ್ಮ ಮನೆಯ ಹುಂಜ ಕೆಂಪ ಕಳೆದ ಮಳೆಗಾಲದಲ್ಲಿ ಕುಂಟತೊಡಗಿದ. ಕಾಲಿನ ಗಂಟುಗಳು ಊದಿದ್ದವು. ಪಶುವೈದ್ಯರು ಸೂಜಿ ಚುಚ್ಚಿ ನೋಡಿದರೆ, ಸುಣ್ಣದ ತಿಳಿಯಂಥ ಬಿಳಿ ದ್ರವ! "ಇದು ಗೌಟ್" ಎಂದರು. ಅಜ್ಜನ ಕಾಯಿಲೆಯೇ ಎಂದು ಮೊಮ್ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಆ ನೋವು ನನಗೆ ಗೊತ್ತು.

ಮಕ್ಕಳೇ, ಕೋಳಿಗಳು ನಮ್ಮಂತೆ ಮೂತ್ರ ಮಾಡುವುದಿಲ್ಲ. ಹಿಕ್ಕೆಯ ಮೇಲಿನ ಬಿಳಿ ಭಾಗವೇ ಅವುಗಳ ಮೂತ್ರ. ಅದರಲ್ಲಿರುವುದು ಯೂರಿಕ್ ಆಮ್ಲ. ಮೂತ್ರಪಿಂಡ ಸೋತರೆ ಅದು ರಕ್ತದಲ್ಲೇ ಉಳಿದು ಗಂಟುಗಳಲ್ಲಿ ಹರಳುಗಟ್ಟುತ್ತದೆ. ಕುಡಿಯುವ ನೀರು ಸಾಲದಿದ್ದರೆ, ಮೊಟ್ಟೆಯಿಡುವ ಹೇಂಟೆಗೆಂದೇ ಮಾಡಿದ ಕ್ಯಾಲ್ಸಿಯಂ ಹೆಚ್ಚಿರುವ ಆಹಾರವನ್ನು ಹುಂಜ ದಿನವೂ ತಿಂದರೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

"ಪೂರ್ತಿ ವಾಸಿಯಾಗದು, ನೋವು ತಗ್ಗಿಸಬಹುದು" ಎಂದರು ವೈದ್ಯರು. ಔಷಧಿಯ ಜೊತೆಗೆ ಪಥ್ಯ ಹೇಳಿದರು. ಒಣಮೀನು, ಚಿಪ್ಪಿನ ಪುಡಿ ನಿಂತವು. ಜೋಳದ ನುಚ್ಚು, ತುರಿದ ಸಿಹಿಗುಂಬಳ ಬಂದವು. ಹತ್ತಿ ಕೂರುವ ಕೋಲಿನ ಬದಲು ನೆಲದಲ್ಲೇ ಹುಲ್ಲಿನ ಹಾಸಿಗೆ.

"ಅಜ್ಜನ ನೋವಿನ ಮಾತ್ರೆ ಇವನಿಗೂ ಕೊಡಬಹುದಾ?" ಎಂದಳು ಮೊಮ್ಮಗಳು. ವೈದ್ಯರು ಖಂಡಿತ ಬೇಡವೆಂದರು. ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಕೊಟ್ಟಿದ್ದ ದನಗಳು ಸತ್ತಾಗ, ಆ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ಇದೇ ಗೌಟ್‌ನಿಂದ ಲಕ್ಷಗಟ್ಟಲೆ ಸತ್ತವಂತೆ. ಅದಕ್ಕೇ 2006ರಲ್ಲಿ ಭಾರತ ಸರ್ಕಾರ ದನಕರುಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿತು.

ಕೆಂಪ ಈಗಲೂ ಕುಂಟುತ್ತಾನೆ, ಆದರೆ ಕೂಗುತ್ತಾನೆ. ಮೊಮ್ಮಗಳು ದಿನಾ ಬೆಳಿಗ್ಗೆ ಎರಡು ಕಡೆ ನೀರು ತುಂಬುತ್ತಾಳೆ: ಅವನ ತಟ್ಟೆಗೆ, ನನ್ನ ತಂಬಿಗೆಗೆ.