ಅಟ್ಟ ಸೇರಿದ ಪಾಠ

ಪರೀಕ್ಷೆ ಹತ್ತಿರ ಬಂತೆಂದರೆ ಎಷ್ಟೋ ಮನೆಗಳಲ್ಲಿ ಮೃದಂಗ ಅಟ್ಟ ಸೇರುತ್ತದೆ. ‘ಮೊದಲು ಫಿಸಿಕ್ಸ್ ಓದು, ಬಡಿಯೋದು ಆಮೇಲೆ’ ಎನ್ನುತ್ತಾರೆ ಅಪ್ಪ. ಅಟ್ಟ ಸೇರಿದ್ದೂ ಫಿಸಿಕ್ಸೇ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಬಿಗಿದ ಬರಿಯ ಚರ್ಮವನ್ನು ಬಡಿದರೆ ಹಲವು ಕಂಪನಗಳು ಒಟ್ಟಿಗೇ ಏಳುತ್ತವೆ. ಮೊದಲನೆಯದರ ಆವರ್ತಾಂಕವನ್ನು 1 ಎಂದುಕೊಂಡರೆ ಮುಂದಿನವು 1.59, 2.14 ಹೀಗೆ ಒಂದಕ್ಕೊಂದು ಹೊಂದದೆ ಸಾಗುತ್ತವೆ. ಆದ್ದರಿಂದ ಸದ್ದೇನೋ ಬರುತ್ತದೆ, ಶ್ರುತಿ ನಿಲ್ಲುವುದಿಲ್ಲ. ವೀಣೆಯ ತಂತಿಯಲ್ಲಾದರೋ ಅವು 1, 2, 3 ಎಂದು ಸಾಲಾಗಿ ಬರುತ್ತವೆ. ಮೃದಂಗದ ಬಲಗಡೆಯ ನಡುವೆ ಪದರ ಪದರವಾಗಿ ಮೆತ್ತಿದ ಕಪ್ಪು ಕರಣೆಯು ತನ್ನ ಭಾರದಿಂದ ಚರ್ಮದ ಕಂಪನಗಳನ್ನೂ ಹೆಚ್ಚುಕಡಿಮೆ ಇದೇ ಸಾಲಿಗೆ ತರುತ್ತದೆ.

ಈ ಗುಟ್ಟನ್ನು ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 1930ರಲ್ಲಿ ನೊಬೆಲ್ ಬಂದ ಮೇಲೂ ಅವರು ಮೃದಂಗವನ್ನು ಮರೆಯಲಿಲ್ಲ. ಬೆಂಗಳೂರಿಗೆ ಬಂದ ನಂತರ, 1934ರಲ್ಲಿ, ಮತ್ತೆ ಅದರ ಮೇಲೇ ಪ್ರಬಂಧ ಪ್ರಕಟಿಸಿದರು. ಚರ್ಮದ ಮೇಲೆ ನುಣುಪು ಮರಳು ಉದುರಿಸಿ ಬಾರಿಸಿದಾಗ, ಅಲುಗದ ಗೆರೆಗಳಲ್ಲಿ ಮರಳು ಕೂಡಿಕೊಂಡು ಚಿತ್ತಾರ ಮೂಡುತ್ತಿತ್ತು. ಕಂಪನ ಕಣ್ಣಿಗೇ ಕಾಣುತ್ತಿತ್ತು!

ಕರಣೆ ಹಾಕುತ್ತ ಬಂದವರು ಯಾವ ಸೂತ್ರವನ್ನೂ ಬರೆದವರಲ್ಲ. ಮೆತ್ತಿ, ಉಜ್ಜಿ, ಬಾರಿಸಿ, ಕಿವಿಗೊಟ್ಟು ಕಂಡುಕೊಂಡವರು. ಅಲೆಗಳ ಪಾಠ ಬಂದ ದಿನವಾದರೂ ಅಪ್ಪ ಆ ಮೃದಂಗವನ್ನು ಅಟ್ಟದಿಂದ ಇಳಿಸಿಕೊಟ್ಟರೆ, ಮಗ ಓದಿದ್ದನ್ನು ಕೇಳಿಯೂ ನೋಡಿಯಾನು.